ಎರಡು ಪದ ಬಿಟ್ಟುಹೋದ ಸನ್ನದು: ಡೆವನ್ ಅರ್ಲ್ ಪದವಿ ಕೈದಾಟಿದ ಕಥೆ

1556ರ ಸೆಪ್ಟೆಂಬರ್‌ನಲ್ಲಿ ಇಟಲಿಯ ಪಡುವಾ ಊರಿನಲ್ಲಿ ಎಡ್ವರ್ಡ್ ಕೋರ್ಟ್ನಿ ಎಂಬ ಇಂಗ್ಲಿಷ್ ಯುವಕ ತೀರಿಕೊಂಡ. ಮೂವತ್ತರ ಆಸುಪಾಸು ವಯಸ್ಸು. ಮದುವೆ ಆಗಿರಲಿಲ್ಲ, ಮಕ್ಕಳಿರಲಿಲ್ಲ, ಬದುಕಿದ್ದ ಅಣ್ಣತಮ್ಮಂದಿರೂ ಇರಲಿಲ್ಲ. ಅವನು ಇಂಗ್ಲೆಂಡಿನ ಡೆವನ್ ಸೀಮೆಯ ಅರ್ಲ್, ವಂಶದಲ್ಲಿ ಇಳಿದು ಬರುವ ದೊಡ್ಡ ಪದವಿ ಅದು. ಅವನ ಜೊತೆಗೇ ಆ ಪದವಿಯೂ ಮಣ್ಣಾಯಿತು ಎಂದು ಎಲ್ಲರೂ ಅಂದುಕೊಂಡರು. 275 ವರ್ಷ ಹಾಗೇ ಅಂದುಕೊಂಡಿದ್ದರು.

1831ರಲ್ಲಿ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್ (ಪಾರ್ಲಿಮೆಂಟಿನ ಮೇಲ್ಮನೆ) ಬೇರೆಯದೇ ಮಾತು ಹೇಳಿತು. ಆ ಪದವಿ ಸತ್ತೇ ಇಲ್ಲ, ಸುಮ್ನೆ ಮಲಗಿತ್ತು ಅಷ್ಟೇ. ದೇಶ ಬಿಟ್ಟು ಫ್ರಾನ್ಸ್‌ನಲ್ಲಿ ಬದುಕುತ್ತಿದ್ದ, ಅರವತ್ತು ದಾಟಿದ ವಿಲಿಯಂ ಕೋರ್ಟ್ನಿ ಡೆವನ್‌ನ 9ನೇ ಅರ್ಲ್ ಆದ.

ಗಮನಿಸಿ, 2ನೆಯವನಲ್ಲ, 9ನೆಯವನು. ನಡುವಿನ ಏಳು ಜನ ಅರ್ಲ್‌ಗಳಾಗಿಯೇ ಬದುಕಿ, ಸತ್ತಿದ್ದರು. ಒಬ್ಬನಿಗೂ ವಿಷಯ ಗೊತ್ತಿರಲಿಲ್ಲ.

ಇಂಥದ್ದು ಹೇಗೆ ಸಾಧ್ಯ ಅಂತ ಅರ್ಥವಾದರೆ, ಇಂಗ್ಲೆಂಡಿನ ಪಾರಂಪರಿಕ ಪದವಿಗಳು ಒಬ್ಬರಿಂದ ಒಬ್ಬರಿಗೆ ಹೇಗೆ ಇಳಿಯುತ್ತವೆ ಅನ್ನುವುದು ಮುಕ್ಕಾಲು ಪಾಲು ಅರ್ಥವಾದಂತೆ. ಇಡೀ ಕಥೆ ನಿಂತಿರುವುದು ಒಂದು ಸನ್ನದಿನಲ್ಲಿ ಬರೆಯದೆ ಬಿಟ್ಟ ಎರಡು ಲ್ಯಾಟಿನ್ ಪದಗಳ ಮೇಲೆ.

ಮೊದಲು ಸ್ವಲ್ಪ ಪೀಠಿಕೆ. ಇಂಗ್ಲೆಂಡಿನ ಶ್ರೀಮಂತ ವರ್ಗದಲ್ಲಿ ಐದು ಮೆಟ್ಟಿಲು. ಮೇಲಿನಿಂದ ಡ್ಯೂಕ್, ಮಾರ್ಕ್ವಿಸ್, ಅರ್ಲ್, ವೈಕೌಂಟ್, ಬ್ಯಾರನ್. ಇವರೆಲ್ಲ ಪೀರ್‌ಗಳು. ಅರ್ಲ್ ನಡುವಿನ ಮೆಟ್ಟಿಲಿನವನಾದರೂ ಐದರಲ್ಲಿ ಅದೇ ಎಲ್ಲಕ್ಕಿಂತ ಹಳೆಯದು. ಫ್ರಾನ್ಸಿನ ಕಡೆಯಿಂದ ಬಂದು ಇಂಗ್ಲೆಂಡನ್ನು ಗೆದ್ದ ನಾರ್ಮನ್ನರು ಬರುವ ಮುಂಚೆಯೇ ಅರ್ಲ್‌ಗಳಿದ್ದರು, ಒಂದೊಂದು ಸೀಮೆಯನ್ನು ಆಳುತ್ತಿದ್ದರು. ಅರ್ಲ್‌ನ ಹೆಂಡತಿಯನ್ನು ಮಾತ್ರ ಕೌಂಟೆಸ್ ಅನ್ನುತ್ತಾರೆ. ಗಂಡನ ಪದವಿಯ ಹೆಸರು ಹಳೆಯ ಇಂಗ್ಲಿಷಿನಿಂದ, ಹೆಂಡತಿಯದು ಫ್ರೆಂಚಿನಿಂದ ಬಂದದ್ದು.

ಪದವಿ ಬೇರೆ, ಆಸ್ತಿ ಬೇರೆ. ಇಲ್ಲಿ ಜನ ಎಡವುವುದೇ ಜಾಸ್ತಿ. ಜಮೀನನ್ನು ಮಾರಬಹುದು, ಅಡವಿಡಬಹುದು, ಬೇಕಾದವರ ಹೆಸರಿಗೆ ವಿಲ್ ಬರೆಯಬಹುದು, ಜೂಜಾಡಿ ಕಳೆದುಕೊಳ್ಳಲೂಬಹುದು. ಪದವಿಯ ವಿಷಯದಲ್ಲಿ ಇದ್ಯಾವುದೂ ನಡೆಯುವುದಿಲ್ಲ. ಹಿರಿ ಮಗ ಕುಡುಕ, ಕಿರಿಯವನು ಬುದ್ಧಿವಂತ ಅಂತ ಅಪ್ಪ ಕಿರಿಯವನಿಗೆ ಕೊಡುವ ಹಾಗಿಲ್ಲ. ದತ್ತು ಮಗನಿಗೆ ಬರುವುದಿಲ್ಲ. ಮದುವೆಯಿಲ್ಲದೆ ಹುಟ್ಟಿದ ಮಗನಿಗೂ ಇಲ್ಲ. ಪದವಿ ಯಾರಿಗೆ ಹೋಗಬೇಕು ಅನ್ನುವುದನ್ನು ಮೊದಲ ದಿನವೇ ಬರೆದಿಟ್ಟಿರುತ್ತಾರೆ. ಆ ಕಾಗದವೇ ರಾಜನ ಸನ್ನದು.

ಸನ್ನದಿನಲ್ಲಿ ಸಾಮಾನ್ಯವಾಗಿ ಇರುವ ಸಾಲು ಹೀಗೆ: 'ಇಂಥವನಿಗೂ, ಅವನ ದೇಹದಿಂದ ಹುಟ್ಟುವ ಗಂಡು ವಾರಸುದಾರರಿಗೂ'. ಇದನ್ನು ಬಿಡಿಸಿ ನೋಡೋಣ. ಮೊದಲು ಹಿರಿ ಮಗ. ಅಪ್ಪನಿಗಿಂತ ಮುಂಚೆ ಅವನು ಸತ್ತಿದ್ದರೆ ಅವನ ಮಗ. ಆ ಸಾಲಿನಲ್ಲಿ ಗಂಡು ದಿಕ್ಕೇ ಇಲ್ಲದಿದ್ದರೆ ಎರಡನೆಯ ಮಗ, ಅವನ ಮಕ್ಕಳು, ಹೀಗೆ. ಹೆಣ್ಣುಮಕ್ಕಳಿಗೆ ಇಲ್ಲ, ಹೆಣ್ಣುಮಕ್ಕಳ ಗಂಡುಮಕ್ಕಳಿಗೂ ಇಲ್ಲ. ಇನ್ನೂ ಒಂದು ಮಾತಿದೆ, ಅದು ಮುಖ್ಯ. ಪದವಿ ಕೇಳುವವನು ತಾನು ಮೊಟ್ಟಮೊದಲು ಪದವಿ ಪಡೆದವನ ವಂಶದವನು ಎಂದು ತೋರಿಸಲೇಬೇಕು. ಇವತ್ತಿನ ಅರ್ಲ್‌ಗೆ ಅವನು ಎಷ್ಟು ಹತ್ತಿರದ ನೆಂಟ ಅನ್ನುವುದೊಂದೇ ಸಾಲದು. ಹಾಗಾಗಿ ಎರಡನೆಯ ಅರ್ಲ್ ಮಕ್ಕಳಿಲ್ಲದೆ ಸತ್ತರೆ ಅವನ ತಮ್ಮನಿಗೆ ಪದವಿ ಬರುತ್ತದೆ, ಏಕೆಂದರೆ ಅವನೂ ಮೊದಲ ಅರ್ಲ್‌ನ ಮಗನೇ. ಮೊದಲ ಅರ್ಲ್‌ಗೇ ಮಕ್ಕಳಿಲ್ಲದಿದ್ದರೆ? ಅವನ ತಮ್ಮನಿಗೆ ಏನೂ ಇಲ್ಲ. ಪದವಿ ಅಲ್ಲಿಗೇ ಮುಗಿಯಿತು.

ಎಡ್ವರ್ಡ್ ಕೋರ್ಟ್ನಿ ಅಂಥ ಮೊದಲ ಅರ್ಲ್ ಆಗಿದ್ದ. ಅದಕ್ಕೇ ಪಡುವಾದ ಸಾವಿನ ನಂತರ ಯಾರೂ ಮತ್ತೆ ಯೋಚನೆ ಮಾಡಲಿಲ್ಲ.

ಒಂದು ನಿಮಿಷ, ಕೋರ್ಟ್ನಿಗಳು ಅದಕ್ಕೆ ಮುಂಚೆ ಇನ್ನೂರು ವರ್ಷದಿಂದ ಡೆವನ್‌ನ ಅರ್ಲ್‌ಗಳಾಗಿದ್ದರಲ್ಲವೇ, ಎಡ್ವರ್ಡ್ ಮೊದಲನೆಯವನು ಹೇಗಾದ? ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಡೆವನ್ ಇಂಗ್ಲೆಂಡಿನ ನೈಋತ್ಯ ಮೂಲೆಯ ಕೌಂಟಿ. 1141ರ ಸುಮಾರಿಗೆ ಅಲ್ಲಿನ ಮೊದಲ ಅರ್ಲ್ ಆದವನು ಬಾಲ್ಡ್ವಿನ್ ಡಿ ರೆಡ್ವರ್ಸ್. ಈ ವಂಶದಲ್ಲಿ ಗಂಡು ಸಾಲು 1262ಕ್ಕೆ ನಿಂತಿತು. ಆಗ ಪದವಿ ಸತ್ತವನ ತಂಗಿ ಇಸಬೆಲ್ಲಾಗೆ ಹೋಯಿತು. ಹೌದು, ಹೆಣ್ಣಿಗೆ. ಆ ಕಾಲದಲ್ಲಿ 'ಗಂಡು ವಾರಸುದಾರರಿಗೆ ಮಾತ್ರ' ಎಂಬ ಸಾಲು ಇನ್ನೂ ರೂಢಿಗೆ ಬಂದಿರಲಿಲ್ಲ. ಇಸಬೆಲ್ಲಾ ಸಣ್ಣ ಆಸಾಮಿಯಲ್ಲ. ವೈಟ್ ದ್ವೀಪವೇ ಅವಳದಾಗಿತ್ತು. 1293ರಲ್ಲಿ ಅವಳು ಸಾಯುವ ಹಾಸಿಗೆಯಲ್ಲಿದ್ದಾಗ ರಾಜ 1ನೇ ಎಡ್ವರ್ಡ್‌ನ ಕಡೆಯವರು ಬಂದು 6,000 ಮಾರ್ಕ್ ಹಣಕ್ಕೆ ದ್ವೀಪವನ್ನು ಬರೆಸಿಕೊಂಡರು. ಮಕ್ಕಳೆಲ್ಲ ಅವಳಿಗಿಂತ ಮುಂಚೆಯೇ ಸತ್ತಿದ್ದರು.

ಅವಳ ಉಳಿದ ಆಸ್ತಿ ಹೋದದ್ದು ಹ್ಯೂ ಕೋರ್ಟ್ನಿಗೆ. ಕೋರ್ಟ್ನಿಗಳು ಮೂಲತಃ ಫ್ರಾನ್ಸಿನವರು, 12ನೇ ಶತಮಾನದಲ್ಲಿ ಇಂಗ್ಲೆಂಡಿಗೆ ಬಂದವರು. ಹ್ಯೂನ ಹಿಂದಿನ ತಲೆಮಾರಿನ ಅಜ್ಜಿಯೊಬ್ಬಳು ರೆಡ್ವರ್ಸ್ ಮನೆಯ ಮಗಳು, ಅದೇ ನಂಟು. ಆಸ್ತಿ ಸಿಕ್ಕಿತು, ಪದವಿ ಸಿಗಲಿಲ್ಲ. ಕೊನೆಗೆ ಪೇಚು ಶುರುವಾದದ್ದು ದುಡ್ಡಿನಿಂದ. ಅರ್ಲ್ ಆದವನಿಗೆ ಕೌಂಟಿಯ ನ್ಯಾಯಾಲಯದ ಆದಾಯದಲ್ಲಿ ಮೂರನೇ ಒಂದು ಪಾಲು ಸಿಗುತ್ತಿತ್ತು. ಅದಕ್ಕೆ 'ಮೂರನೇ ಕಾಸು' ಅಂತಲೇ ಹೆಸರು. ನೀನು ಅರ್ಲ್ ಅಲ್ಲ, ಹಾಗಾಗಿ ದುಡ್ಡಿಲ್ಲ ಎಂದರು ಖಜಾನೆಯವರು. ಹ್ಯೂ ರಾಜನಿಗೆ ದೂರು ಕೊಟ್ಟ. 1335ರಲ್ಲಿ ರಾಜ 3ನೇ ಎಡ್ವರ್ಡ್, ಇವನನ್ನು ಡೆವನ್‌ನ ಅರ್ಲ್ ಎಂದೇ ಕರೆಯಬೇಕು ಎಂದು ಬರೆದುಕೊಟ್ಟ. ಪದವಿ ಕೋರ್ಟ್ನಿ ಮನೆಗೆ ಬಂದದ್ದು ಹೀಗೆ.

ಈ ಹ್ಯೂನ ಮಗನೂ ಹ್ಯೂ. ಅವನು 1377ರಲ್ಲಿ ಸತ್ತ. ಈ ವರ್ಷವನ್ನು ನೆನಪಿಟ್ಟುಕೊಳ್ಳಿ, ಕಥೆಯ ಕೀಲಿ ಇಲ್ಲಿದೆ. ಅವನ ಹೆಂಡತಿ ಮಾರ್ಗರೆಟ್ ಡಿ ಬೋಹನ್ ರಾಜ 1ನೇ ಎಡ್ವರ್ಡ್‌ನ ಮೊಮ್ಮಗಳು. ಅವರಿಗೆ ಬಹಳ ಮಕ್ಕಳು. ದೊಡ್ಡ ಮಕ್ಕಳ ಸಾಲಿಗೆ ಅರ್ಲ್ ಪದವಿ ಹೋಯಿತು. ಕಿರಿಯರಲ್ಲಿ ಒಬ್ಬನಾದ ಫಿಲಿಪ್‌ಗೆ ತಾಯಿಯ ಕಡೆಯಿಂದ ಬಂದ ಪೌಡರ್‌ಹ್ಯಾಮ್ ಎಂಬ ಜಾಗ ಸಿಕ್ಕಿತು. ಎಕ್ಸ್ ನದಿಯ ದಡದ ಈ ಜಾಗದಲ್ಲಿ ಅವನು 1391ರಲ್ಲಿ ಕೋಟೆಮನೆ ಕಟ್ಟಲು ಶುರುಮಾಡಿದ. ಸದ್ಯಕ್ಕೆ ಅವನನ್ನು ಅಲ್ಲೇ ಬಿಟ್ಟು ದೊಡ್ಡ ಸಾಲಿನ ಕಡೆ ಬರೋಣ.

ದೊಡ್ಡ ಸಾಲಿನ ಹಣೆಬರಹ ಚೆನ್ನಾಗಿರಲಿಲ್ಲ. 15ನೇ ಶತಮಾನದಲ್ಲಿ ಲ್ಯಾಂಕಾಸ್ಟರ್ ಮತ್ತು ಯಾರ್ಕ್ ಮನೆಗಳು ಸಿಂಹಾಸನಕ್ಕಾಗಿ ಬಡಿದಾಡುವಾಗ ಮೂವರು ಅಣ್ಣತಮ್ಮಂದಿರು ಸಾಲಾಗಿ ಹೋದರು. ಥಾಮಸ್‌ನನ್ನು 1461ರಲ್ಲಿ ಟೌಟನ್ ಯುದ್ಧ ಮುಗಿದ ಮೇಲೆ ಹಿಡಿದು ತಲೆ ಕಡಿದರು. ಹೆನ್ರಿಗೆ 1469ರಲ್ಲಿ ಅದೇ ಗತಿ. ಜಾನ್ 1471ರಲ್ಲಿ ಟ್ಯೂಕ್ಸ್‌ಬರಿ ರಣರಂಗದಲ್ಲೇ ಬಿದ್ದ.

ಇಲ್ಲಿ ಇನ್ನೊಂದು ಕಾನೂನು ತಿಳಿದುಕೊಳ್ಳಬೇಕು, ಅದರ ಹೆಸರು ಅಟೈಂಡರ್. ರಾಜದ್ರೋಹದ ಅಪರಾಧ ಹೊತ್ತವನ ತಲೆ ಹೋದರೆ ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಅವನ ಆಸ್ತಿ ಮುಟ್ಟುಗೋಲು, ಪದವಿ ರದ್ದು. ಜೊತೆಗೆ ಅವನ 'ರಕ್ತ ಕೆಟ್ಟಿತು' ಎಂದು ಕಾನೂನು ಹೇಳುತ್ತಿತ್ತು. ಅಂದರೆ ಅವನಿಗೆ ಯಾರಿಂದಲೂ ಏನೂ ಬರುವಂತಿಲ್ಲ, ಅವನ ಮೂಲಕ ಯಾರಿಗೂ ಏನೂ ಹೋಗುವಂತಿಲ್ಲ. ಹೊಲದ ಕಾಲುವೆಗೆ ನಡುವೆ ಮಣ್ಣು ಹಾಕಿದರೆ ಮುಂದಿನ ಗದ್ದೆಗಳಿಗೆಲ್ಲ ನೀರು ನಿಲ್ಲುತ್ತದಲ್ಲ, ಹಾಗೆ. ಮತ್ತೆ ಹರಿಯಬೇಕಾದರೆ ಪಾರ್ಲಿಮೆಂಟು ಮಣ್ಣು ತೆಗೆಯಬೇಕು, ಇಲ್ಲವೇ ರಾಜ ಹೊಸ ಕಾಲುವೆ ತೋಡಬೇಕು.

ಹೊಸ ಕಾಲುವೆಗಳೇ ಜಾಸ್ತಿ ಬಂದವು. 1485ರಲ್ಲಿ 7ನೇ ಹೆನ್ರಿ ಗೆದ್ದು ಬಂದಾಗ ದೂರದ ದಾಯಾದಿ ಎಡ್ವರ್ಡ್ ಕೋರ್ಟ್ನಿಗೆ (ಪಡುವಾದಲ್ಲಿ ಸತ್ತವನಲ್ಲ, ಅವನ ಮುತ್ತಜ್ಜ) ಹೊಸದಾಗಿ ಪದವಿ ಕೊಟ್ಟ. ಇವನ ಮಗ ವಿಲಿಯಂ ರಾಜಮನೆತನದ ಕ್ಯಾಥರೀನ್‌ಳನ್ನು ಮದುವೆಯಾದ. ಅವಳು 4ನೇ ಎಡ್ವರ್ಡ್ ರಾಜನ ಮಗಳು, 8ನೇ ಹೆನ್ರಿಗೆ ಚಿಕ್ಕಮ್ಮ. ದೊಡ್ಡ ಮನೆಯ ಸಂಬಂಧ ಅಂತ ಹಿಗ್ಗಬೇಕಾದ್ದು ಕುತ್ತಿಗೆಗೆ ಬಂತು. ರಾಜನ ಮೊಮ್ಮಕ್ಕಳು ಹುಟ್ಟುವ ಮನೆ ಎಂದರೆ 7ನೇ ಹೆನ್ರಿಯ ಟ್ಯೂಡರ್ ಮನೆತನದ ರಾಜರಿಗೆ ಸಂಶಯ. ವಿಲಿಯಂನನ್ನು ಟವರ್ ಆಫ್ ಲಂಡನ್ ಕೋಟೆಯ ಸೆರೆಗೆ ತಳ್ಳಿದರು, 1504ರಲ್ಲಿ ಅವನ ಮೇಲೆ ಅಟೈಂಡರ್ ಬಿತ್ತು. 1509ರಲ್ಲಿ ಅಪ್ಪ ಸತ್ತಾಗ ಇವನಿಗೆ ಪದವಿ ಬರಲಿಲ್ಲ, ಕಾಲುವೆಗೆ ಮಣ್ಣು ಬಿದ್ದಿತ್ತಲ್ಲ. 1511ರ ಮೇ 10ಕ್ಕೆ 8ನೇ ಹೆನ್ರಿ ಹೊಸ ಸನ್ನದು ಕೊಟ್ಟ. ಜೂನ್ 9ಕ್ಕೆ ವಿಲಿಯಂ ತೀರಿಕೊಂಡ. ಅನುಭವಿಸಿದ್ದು ಸರಿಯಾಗಿ ಒಂದು ತಿಂಗಳು.

ಅವನ ಮಗ ಹೆನ್ರಿ, ರಾಜನ ಜೊತೆ ಆಡಿ ಬೆಳೆದವನು. 1525ರಲ್ಲಿ ಎಕ್ಸೆಟರ್‌ನ ಮಾರ್ಕ್ವಿಸ್ ಆದ. 1538ರಲ್ಲಿ ಪಿತೂರಿಯ ಆರೋಪ ಹೊರಿಸಿ ಅದೇ ರಾಜ ಅವನನ್ನು ಜೈಲಿಗೆ ಹಾಕಿಸಿದ, ತಲೆಯನ್ನೂ ತೆಗೆಸಿದ. ಜೊತೆಗೆ ಅವನ ಹೆಂಡತಿಯನ್ನೂ ಸುಮಾರು ಹನ್ನೆರಡು ವರ್ಷದ ಮಗನನ್ನೂ ಟವರ್‌ಗೆ ಹಾಕಿದರು. ಆ ಹುಡುಗನೇ ನಮ್ಮ ಎಡ್ವರ್ಡ್. ಯಾವ ತಪ್ಪೂ ಮಾಡದ ಹುಡುಗ ಒಳಗೆ ಕಳೆದದ್ದು 15 ವರ್ಷ. ಮೀಸೆ ಚಿಗುರಿದ್ದೂ ಅಲ್ಲೇ. ಕೋರ್ಟ್ನಿ ಮನೆತನದ ಲಾಂಛನದ ಕೆಳಗೆ ಬರೆಯುವ ಲ್ಯಾಟಿನ್ ಸಾಲಿನ ಅರ್ಥ ಹೀಗಿದೆ: 'ಎಲ್ಲಿ ಜಾರಿದೆ? ಏನು ಮಾಡಿದೆ?' ಓದುವಾಗ ನನಗಂತೂ ಈ ಹುಡುಗನೇ ನೆನಪಾಗುತ್ತಾನೆ.

1553ರ ಆಗಸ್ಟ್‌ನಲ್ಲಿ ರಾಣಿ ಮೇರಿ ಲಂಡನ್ನಿಗೆ ಬಂದಳು, ಎಡ್ವರ್ಡ್‌ನನ್ನು ಬಿಡಿಸಿದಳು. ಸೆಪ್ಟೆಂಬರ್ 3ಕ್ಕೆ ಅವನಿಗೆ ಡೆವನ್‌ನ ಅರ್ಲ್ ಪದವಿ ಕೊಟ್ಟಳು. ಹಳೆಯದನ್ನು ಎತ್ತಿ ಕೊಟ್ಟದ್ದಲ್ಲ, ಹೊಸ ಸನ್ನದು. ಆದ್ದರಿಂದಲೇ ಅವನು ಹೊಸ ಎಣಿಕೆಯಲ್ಲಿ 1ನೇ ಅರ್ಲ್. ರಾಣಿ ಇವನನ್ನೇ ಮದುವೆಯಾಗಲಿ ಎಂದು ಆಸ್ಥಾನದಲ್ಲಿ ಹಲವರು ಬಯಸಿದ್ದರು. ಅವಳು ಸ್ಪೇನಿನ ಫಿಲಿಪ್‌ನನ್ನು ಆರಿಸಿದಳು. ಮುಂದಿನ ವರ್ಷ ವೈಯಟ್ ಎಂಬವನು ದಂಗೆ ಎದ್ದ. ಎಡ್ವರ್ಡ್‌ಗೆ ರಾಣಿಯ ತಂಗಿ ಎಲಿಜಬೆತ್‌ಳನ್ನು ಮದುವೆ ಮಾಡಿಸುವ ಮಾತು ಹೊರಬಿತ್ತು. ಮತ್ತೆ ಟವರ್. ಆಮೇಲೆ ಗಡೀಪಾರು. ಕೊನೆಗೆ ಪಡುವಾ.

ಈಗ ಆ ಸನ್ನದನ್ನು ಬಿಚ್ಚಿ ಓದೋಣ. ಅಲ್ಲಿ ಬರೆದದ್ದು 'ಎಡ್ವರ್ಡ್‌ಗೂ, ಅವನ ಗಂಡು ವಾರಸುದಾರರಿಗೂ, ಎಂದೆಂದಿಗೂ' ಎಂದು. ಮೇಲೆ ಹೇಳಿದ ಮಾಮೂಲಿ ಸಾಲಿಗೆ ಹೋಲಿಸಿ ನೋಡಿ. 'ದೇಹದಿಂದ ಹುಟ್ಟುವ' ಎಂಬ ಮಾತಿಲ್ಲ. ಲ್ಯಾಟಿನ್ನಿನಲ್ಲಿ ಅದು ಎರಡೇ ಪದ, 'ದೆ ಕಾರ್ಪೊರೆ'.

ಎರಡು ಪದದಿಂದ ಏನಾಯಿತು? ದೇಹದಿಂದ ಹುಟ್ಟಿದವರು ಅಂದರೆ ಮಕ್ಕಳು, ಮೊಮ್ಮಕ್ಕಳು. ಬರೀ ಗಂಡು ವಾರಸುದಾರರು ಅಂದರೆ? ತಮ್ಮ ಬರಬಹುದು. ಚಿಕ್ಕಪ್ಪನ ಮಗ ಬರಬಹುದು. ಅವರೂ ಇಲ್ಲದಿದ್ದರೆ ಗಂಡು ಸಾಲಿನಲ್ಲಿ ಎಷ್ಟೇ ದೂರದ ದಾಯಾದಿಯೂ ಬರಬಹುದು. ಎಡ್ವರ್ಡ್‌ನಿಂದ ಇಳಿಯಬೇಕು ಅಂತಿಲ್ಲ. ಅವನ ಅಜ್ಜ, ಮುತ್ತಜ್ಜ, ಅವರಪ್ಪ ಅಂತ ಹತ್ತಿಕೊಂಡು ಹೋಗಿ, ಯಾವುದಾದರೂ ಕವಲಿನಿಂದ ಮತ್ತೆ ಇಳಿದು ಬಂದರೂ ಆಯಿತು, ನಡುವೆ ಎಲ್ಲೂ ಹೆಣ್ಣಿನ ಕೊಂಡಿ ಇರಬಾರದು ಅಷ್ಟೇ. ಹತ್ತುತ್ತಾ ಹೋದರೆ ಸಿಗುವವನು ಯಾರು? 1377ರಲ್ಲಿ ಸತ್ತ ಹ್ಯೂ. ಅಲ್ಲಿಂದ ಇನ್ನೊಂದು ಕವಲಲ್ಲಿ ಇಳಿದರೆ? ಪೌಡರ್‌ಹ್ಯಾಮ್‌ನ ಫಿಲಿಪ್.

ಅಂದರೆ 1556ರಲ್ಲಿ ಎಡ್ವರ್ಡ್ ಸತ್ತ ಕ್ಷಣವೇ ಪದವಿ ಪೌಡರ್‌ಹ್ಯಾಮ್‌ನ ಆಗಿನ ವಿಲಿಯಂ ಕೋರ್ಟ್ನಿಗೆ ಹೋಗಿತ್ತು. ಪಾಪ, ಅವನಿಗೆ ಗೊತ್ತಾಗಲಿಲ್ಲ. ಯಾರಿಗೂ ಹೊಳೆಯಲಿಲ್ಲ.

ಪದವಿ ಖಾಲಿ ಬಿದ್ದಿದೆ ಎಂದುಕೊಂಡು ರಾಜರು ಹತ್ತಿರದ ಹೆಸರನ್ನು ಬೇರೆಯವರಿಗೆ ಕೊಟ್ಟೂಬಿಟ್ಟರು. 1603ರಲ್ಲಿ ಚಾರ್ಲ್ಸ್ ಬ್ಲೌಂಟ್ 'ಡೆವನ್‌ಷೈರ್‌ನ ಅರ್ಲ್' ಆದ, ಮೂರೇ ವರ್ಷದಲ್ಲಿ ಸತ್ತ. 1618ರಲ್ಲಿ ಅದೇ ಹೆಸರಿನ ಪದವಿ ವಿಲಿಯಂ ಕ್ಯಾವೆಂಡಿಷ್‌ಗೆ ಹೋಯಿತು, ಅದಕ್ಕೆ ಅವನು ರಾಜನಿಗೆ 10,000 ಪೌಂಡ್ ಸುರಿದ ಎನ್ನುತ್ತಾರೆ. 1694ರಲ್ಲಿ ಆ ಮನೆಯವರು ಡ್ಯೂಕ್‌ಗಳಾದರು. ಹಾಗಾಗಿ ಇವತ್ತು ಡೆವನ್‌ನ ಅರ್ಲ್ ಒಬ್ಬರು, ಡೆವನ್‌ಷೈರ್‌ನ ಡ್ಯೂಕ್ ಇನ್ನೊಬ್ಬರು. ಡ್ಯೂಕ್ ಇರುವುದು ಡೆವನ್‌ನಲ್ಲೂ ಅಲ್ಲ, ದೂರದ ಡರ್ಬಿಷೈರ್‌ನ ಚಾಟ್ಸ್‌ವರ್ತ್ ಎಂಬ ಅರಮನೆಯಂಥ ಮನೆಯಲ್ಲಿ.

ಪೌಡರ್‌ಹ್ಯಾಮ್‌ನವರು ತಮ್ಮ ಪಾಡಿಗೆ ತಾವು ಬೆಳೆದರು. 1644ರಲ್ಲಿ ಬ್ಯಾರನೆಟ್ ಎಂಬ ಬಿರುದು ಬಂತು (ಇದು ಪಾರಂಪರಿಕವೇ, ಆದರೆ ಆ ಐದು ಮೆಟ್ಟಿಲಿಗಿಂತ ಕೆಳಗೆ). 1762ರಲ್ಲಿ ವೈಕೌಂಟ್ ಪದವಿ ಬಂತು. ಆಮೇಲೆ ಬಂದವನು 3ನೇ ವೈಕೌಂಟ್ ವಿಲಿಯಂ, 1768ರಲ್ಲಿ ಹುಟ್ಟಿದವನು. ಹದಿಮೂರು ಅಕ್ಕತಂಗಿಯರ ನಡುವೆ ಒಬ್ಬನೇ ಗಂಡು. ಸಲಿಂಗಿ ಎಂಬ ಸುದ್ದಿ ಹದಿಹರೆಯದಲ್ಲೇ ಪತ್ರಿಕೆಗಳಿಗೆ ಆಹಾರವಾಗಿತ್ತು. ಅದಕ್ಕೆ ಆಗ ಇಂಗ್ಲೆಂಡಿನಲ್ಲಿ ನೇಣು ಶಿಕ್ಷೆ ಇತ್ತು. ಬಂಧನ ಹತ್ತಿರ ಬಂದಾಗ ಅವನು ಅಮೆರಿಕಕ್ಕೆ ಓಡಿದ, ಅಲ್ಲಿಂದ ಫ್ರಾನ್ಸಿಗೆ. ಮದುವೆ, ಮಕ್ಕಳು ಇಲ್ಲ.

ಅವನ ನಂತರ ಯಾರು? ಇನ್ನೊಬ್ಬ ವಿಲಿಯಂ ಕೋರ್ಟ್ನಿ. ಇಬ್ಬರ ತಾತಂದಿರು ಅಣ್ಣತಮ್ಮಂದಿರು. ಈ ದಾಯಾದಿ ಪಾರ್ಲಿಮೆಂಟಿನ ಕಚೇರಿಯಲ್ಲಿ ದೊಡ್ಡ ಅಧಿಕಾರಿ, ಕಾಗದಪತ್ರ ಬಲ್ಲವನು. ಅವನಿಗೆ ಒಂದು ಚಿಂತೆಯಿತ್ತು. ವೈಕೌಂಟ್ ಪದವಿಯ ಸನ್ನದು 1762ರದ್ದು, ಅದು ಮೊದಲ ವೈಕೌಂಟ್‌ನ ದೇಹದಿಂದ ಹುಟ್ಟಿದವರಿಗೆ ಮಾತ್ರ. ಈ ದಾಯಾದಿಯ ತಾತ ಆ ಮೊದಲ ವೈಕೌಂಟ್‌ನ ತಮ್ಮ. ಆದ್ದರಿಂದ ಇವನಿಗೆ ಅದು ಸಿಗುವುದಿಲ್ಲ. ಹಳೆಯ ಸನ್ನದು ಕೆದಕುವ ಕೆಲಸದ ಹಿಂದೆ ನಿಂತವನು ಇವನೇ, ದೇಶ ಬಿಟ್ಟುಹೋದ ಆ ವೈಕೌಂಟ್ ಅಲ್ಲ. ಆದರೆ ಕಾನೂನಿನ ಪ್ರಕಾರ ಮೊದಲು ಪದವಿ ಬದುಕಿದ್ದ ಹಿರಿಯವನಿಗೇ ಬರಬೇಕು. ಹಾಗಾಗಿ ಅರ್ಜಿ ಅವನ ಹೆಸರಿನಲ್ಲೇ ಹೋಯಿತು.

1831ರಲ್ಲಿ ಲಾರ್ಡ್ಸ್‌ನ ಸಮಿತಿ ವಿಚಾರಣೆ ಮುಗಿಸಿತು. ಆಗಿನ ಲಾರ್ಡ್ ಚಾನ್ಸಲರ್ (ನ್ಯಾಯಾಂಗದ ಮುಖ್ಯಸ್ಥ) ಬ್ರೂಮ್ ಅರ್ಜಿಯ ಪರವಾಗಿ ನಿಂತ. ಎರಡು ಪದ ಬಿಟ್ಟದ್ದು ಗುಮಾಸ್ತನ ಕೈತಪ್ಪು ಅಂತ ಊಹಿಸುವುದು ಸುಲಭ. ಆದರೆ ರಾಜಮುದ್ರೆ ಬಿದ್ದ ಕಾಗದದಲ್ಲಿ ಇರುವುದನ್ನು ಇರುವ ಹಾಗೇ ಓದಬೇಕು ಎಂಬ ವಾದ ಗೆದ್ದಿತು. ಸ್ಕಾಟ್‌ಲೆಂಡಿನಲ್ಲಿ ಇಂಥ ಸನ್ನದುಗಳು ಮಾಮೂಲು. ಬ್ರೂಮ್ ಹುಟ್ಟಿ ಬೆಳೆದದ್ದು ಎಡಿನ್‌ಬರೋದಲ್ಲಿ. ಅವನಿಗೆ ಇದು ವಿಚಿತ್ರ ಅನ್ನಿಸದೇ ಇದ್ದದ್ದಕ್ಕೆ ಅದೂ ಒಂದು ಕಾರಣವೇನೋ.

ನಾಲ್ಕು ವರ್ಷದ ನಂತರ, 1835ರಲ್ಲಿ, 9ನೇ ಅರ್ಲ್ ಫ್ರಾನ್ಸ್‌ನಲ್ಲೇ ತೀರಿಕೊಂಡ. ಆ ದಿನ ಒಬ್ಬನೇ ಮನುಷ್ಯನ ಮೇಲಿದ್ದ ಮೂರು ಬಿರುದುಗಳು ಏನಾದವು ನೋಡಿ. ವೈಕೌಂಟ್ ಪದವಿ ಸತ್ತುಹೋಯಿತು, ಅದರ ಬೇರು 1762ರ ಮನುಷ್ಯ, ಅವನ ಗಂಡು ಸಾಲು ಮುಗಿದಿತ್ತು. ಬ್ಯಾರನೆಟ್ ಬಿರುದು ದಾಯಾದಿಗೆ ಹೋಯಿತು, ಏಕೆಂದರೆ ಅದರ ಬೇರು 1644ರ ಮನುಷ್ಯ, ಇಬ್ಬರೂ ಅವನ ವಂಶದವರೇ. ಅರ್ಲ್ ಪದವಿಯೂ ದಾಯಾದಿಗೇ ಹೋಯಿತು, ಅಲ್ಲಿ ಎಡ್ವರ್ಡ್‌ನ ಗಂಡು ದಾಯಾದಿ ಆಗಿದ್ದರೆ ಸಾಕಿತ್ತು. ಹದಿಮೂರು ಅಕ್ಕತಂಗಿಯರಿಗೂ ಅವರ ಮಕ್ಕಳಿಗೂ ಮೂರರಲ್ಲಿ ಒಂದೂ ಇಲ್ಲ.

ಇದಕ್ಕೊಂದು ಬಾಲವಿದೆ. ಡೆವನ್ ಗೆದ್ದದ್ದನ್ನು ನೋಡಿ ಸ್ಕ್ರೋಪ್ ಎಂಬ ಮನೆತನದವರೂ ಬಂದರು. 1397ರಲ್ಲಿ 2ನೇ ರಿಚರ್ಡ್ ರಾಜ ವಿಲಿಯಂ ಲೆ ಸ್ಕ್ರೋಪ್‌ಗೆ ವಿಲ್ಟ್‌ಷೈರ್‌ನ ಅರ್ಲ್ ಪದವಿ ಕೊಟ್ಟಿದ್ದ. ಆ ಸನ್ನದಿನಲ್ಲೂ 'ದೇಹದಿಂದ' ಎಂಬ ಮಾತಿರಲಿಲ್ಲ. ಎರಡೇ ವರ್ಷದಲ್ಲಿ ಅವನ ತಲೆ ಹೋಯಿತು, ಮಕ್ಕಳಿರಲಿಲ್ಲ. ಅದೇ ಪ್ರಶ್ನೆ, ಅದೇ ಹೌಸ್ ಆಫ್ ಲಾರ್ಡ್ಸ್. 1869ರಲ್ಲಿ ಬಂದ ಉತ್ತರ ಮಾತ್ರ ಉಲ್ಟಾ. ಕಾನೂನಿಗೆ ಗೊತ್ತೇ ಇಲ್ಲದ ದಾರಿಯಲ್ಲಿ ಪದವಿ ಇಳಿಯುವಂತೆ ಮಾಡಲು ರಾಜನಿಗೂ ಅಧಿಕಾರವಿಲ್ಲ ಎಂದರು. ಹಾಗಾದರೆ ಡೆವನ್ ತೀರ್ಪು ತಪ್ಪು ಅಂತಾಯಿತಲ್ಲ? ಆಯಿತು. ಆದರೂ ಕೊಟ್ಟ ಪದವಿಯನ್ನು ಕಿತ್ತುಕೊಳ್ಳಲಿಲ್ಲ. ನ್ಯಾಯ ಅನ್ನುವುದಕ್ಕಿಂತ ಅದೃಷ್ಟ ಎನ್ನಬೇಕು. ಸ್ಕ್ರೋಪ್‌ಗಳು ಮೂವತ್ತೆಂಟು ವರ್ಷ ಮುಂಚೆ ಬಂದಿದ್ದರೆ ಅವರಿಗೂ ಸಿಗುತ್ತಿತ್ತೇನೋ.

ಆಮೇಲಿನ ಕಥೆ ಸನ್ನದಿಗಿಂತ ತೆರಿಗೆಯದ್ದು. 12ನೇ ಅರ್ಲ್ ಮದುವೆಯಾಗದೆ 1891ರಲ್ಲಿ ಸತ್ತಾಗ ಪದವಿ ಮೇಲಕ್ಕೆ ಹತ್ತಿ ಚಿಕ್ಕಪ್ಪನಿಗೆ ಹೋಯಿತು. ಅವರು ಪಾದ್ರಿ. 1904ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಹಿರಿ ಮಗ ಬದುಕಿರಲಿಲ್ಲ, ಆದ್ದರಿಂದ ಮೊಮ್ಮಗನಿಗೆ ಬಂತು. ಅಲ್ಲಿಂದ ಮೂವರು ಅಣ್ಣತಮ್ಮಂದಿರು ಸಾಲಾಗಿ ಅರ್ಲ್ ಆದರು: ಹಿರಿಯವನು 1927ರಲ್ಲಿ ಸತ್ತ, ಎರಡನೆಯವನು ಅದೇ ವರ್ಷ ಸತ್ತ, ಮೂರನೆಯವನು 1935ರಲ್ಲಿ. ಒಬ್ಬೊಬ್ಬರು ಸತ್ತಾಗಲೂ ಆಸ್ತಿಯ ಮೇಲೆ ಮರಣ ತೆರಿಗೆ. ಪದವಿಗೆ ತೆರಿಗೆಯಿಲ್ಲ, ಜಮೀನಿಗಿದೆ. ಎಂಟು ವರ್ಷದಲ್ಲಿ ಮೂರು ಸಾರಿ ಕಟ್ಟುವಷ್ಟರಲ್ಲಿ ಮನೆತನದ ಬಹಳಷ್ಟು ನೆಲ ಹೋಯಿತು. ಪೌಡರ್‌ಹ್ಯಾಮ್ ಮಾತ್ರ ಉಳಿದಿದೆ. ಈಗ ಟಿಕೆಟ್ ತೆಗೆದುಕೊಂಡು ಒಳಗೆ ಹೋಗಿ ನೋಡಬಹುದು.

ಈಗಿನವರು ಚಾರ್ಲ್ಸ್ ಕೋರ್ಟ್ನಿ, 19ನೇ ಅರ್ಲ್, ವಕೀಲರು. 2015ರಲ್ಲಿ ತಂದೆ ತೀರಿಕೊಂಡಾಗ ಪದವಿ ಬಂತು. 1999ರ ಕಾನೂನಿನ ನಂತರ ಪದವಿ ಬಂದ ಮಾತ್ರಕ್ಕೆ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಕುರ್ಚಿ ಸಿಗುವುದಿಲ್ಲ. ಆ ಕಾನೂನು ಪಾರಂಪರಿಕ ಪೀರ್‌ಗಳಿಗೆ ಉಳಿಸಿದ್ದು 92 ಜಾಗ. 2018ರಲ್ಲಿ ಅದರಲ್ಲೊಂದು ಖಾಲಿಯಾದಾಗ ಇವರು ಚುನಾವಣೆಗೆ ನಿಂತು ಗೆದ್ದರು. 2013ರಲ್ಲಿ ಸಿಂಹಾಸನದ ಕಾನೂನು ಬದಲಾಯಿತು, ಈಗ ಅಲ್ಲಿ ಹಿರಿಯ ಮಗು ಹೆಣ್ಣಾದರೂ ತಮ್ಮ ಅವಳನ್ನು ದಾಟಿ ಹೋಗುವಂತಿಲ್ಲ. ಅರ್ಲ್ ಪದವಿಗಳಿಗೆ ಆ ಕಾನೂನು ತಗಲುವುದಿಲ್ಲ. ಇಲ್ಲಿ 1553ರ ಕಾಗದವೇ ಈಗಲೂ ನಡೆಯುತ್ತಿದೆ.

ಇನ್ನೊಂದು ಸಣ್ಣ ವಿಷಯ ಉಳಿಯಿತು. ಅರ್ಲ್‌ನ ಹಿರಿ ಮಗನನ್ನು ಅಪ್ಪನ ಎರಡನೆಯ ಪದವಿಯ ಹೆಸರಿನಿಂದ ಕರೆಯುವುದು ರೂಢಿ. ಡೆವನ್ ಅರ್ಲ್‌ನ ಹಿರಿ ಮಗನನ್ನು 'ಲಾರ್ಡ್ ಕೋರ್ಟ್ನಿ' ಅನ್ನುತ್ತಾರೆ. ಆದರೆ ಆ ಹೆಸರಿನ ವೈಕೌಂಟ್ ಪದವಿ 1835ರಲ್ಲೇ ಸತ್ತಿತಲ್ಲ? ಈಗಿನ ಅರ್ಲ್‌ಗೆ ಬೇರೆ ಯಾವ ಪೀರ್ ಪದವಿಯೂ ಇಲ್ಲ. ಹಿರಿ ಮಗನನ್ನು ಬರೀ ಮಿಸ್ಟರ್ ಅನ್ನುವುದು ಚೆನ್ನಾಗಿರುವುದಿಲ್ಲ ಅಂತ ಮರ್ಯಾದೆಗೆ ಹಾಗೆ ಕರೆಯುತ್ತಾರೆ, ಅದಕ್ಕೆ ಯಾವ ಸನ್ನದೂ ಇಲ್ಲ.